"ವೀರಪ್ಪನ್ ನೋಡಿದ್ರಾ?" ಅಂತ ಕೇಳಿದ್ದು ತಪ್ಪಾಯ್ತಾ?

ಸೆಕೆಂಡ್‌ಗೇರ್ (ಚರ್ಚೆ ಶುರು ಮಾಡಿದವರು)

ಹೋದ ವಾರ ನಾವು ಆರು ಜನ ಗೆಳೆಯರು ಗೋಪಿನಾಥಂಗೆ, ಅಂದ್ರೆ ಕಾಡುಗಳ್ಳ ವೀರಪ್ಪನ್ ಹುಟ್ಟೂರಿಗೆ, ಹೋಗಿದ್ವಿ. ಮಾದಪ್ಪನ ಬೆಟ್ಟ ದಾಟಿ, ಪಾಲಾರ್ ಕಡೆಯಿಂದ ಕಾಡಿನ ದಾರಿ. ಊರೊಳಗೆ ಕಿವಿಗೆ ಬೀಳೋದೆಲ್ಲ ತಮಿಳು, ಬೋರ್ಡುಗಳೆಲ್ಲ ಕನ್ನಡ. ಕಾಡಲ್ಲಿ ನಮ್ಮ ಜತೆ ನಡೆಯೋಕೆ ಬಂದವರು ಅರವತ್ತೈದು ದಾಟಿದ ಒಬ್ಬ ತಾತ. ಬರಿಗಾಲು, ಹೆಗಲ ಮೇಲೆ ಟವೆಲ್ಲು, ಕೈಯಲ್ಲೊಂದು ಕೋಲು. ಒಂದು ಕಾಲದಲ್ಲಿ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೇಸಲ್ಲಿ ಒಳಗಿದ್ದವರು ಅಂತ ಡ್ರೈವರ್ ಮೊದಲೇ ಕಿವಿಯಲ್ಲಿ ಹೇಳಿದ್ದ.

ರಾತ್ರಿ ಊಟಕ್ಕೆ ಮುಂಚೆ ಎಲ್ಲರೂ ಕೂತಿದ್ದಾಗ ನಮ್ಮಲ್ಲೊಬ್ಬ ಕೇಳಿಯೇಬಿಟ್ಟ, "ತಾತ, ನೀವು ವೀರಪ್ಪನ್ ನೋಡಿದ್ರಾ?" ತಾತ ಬೆನ್ನು ನೆಟ್ಟಗೆ ಮಾಡಿ ಕೂತರು. ಮೀಸೆ ಹೀಗಿತ್ತು, ಗುರಿ ಹೀಗಿತ್ತು, ಹಕ್ಕಿ ಥರ ಹೀಗೆ ಕೂಗ್ತಿದ್ದ... ಇಪ್ಪತ್ತು ನಿಮಿಷ ಕ್ಯಾಸೆಟ್ ಹಾಕಿದ ಹಾಗೆ. ಎಲ್ಲಿ ನಗಬೇಕು, ಎಲ್ಲಿ ಬೆಚ್ಚಬೇಕು ಅಂತ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಮುಗಿದ ಮೇಲೆ ಹುಡುಗರು ಚಪ್ಪಾಳೆ ತಟ್ಟಿದರು. ನನಗೆ ಅಲ್ಲೇ ಏನೋ ಕಸಿವಿಸಿ.

ಬೆಳಿಗ್ಗೆ ಮಿಕ್ಕವರು ಏಳೋ ಮುಂಚೆ ನಾನೊಬ್ಬನೇ ಅವರ ಜತೆ ಹೊಳೆ ಕಡೆ ಹೊರಟೆ. ವೀರಪ್ಪನ್ ವಿಷಯ ಬೇಡ, ಇವರದನ್ನೇ ಕೇಳೋಣ ಅಂದ್ಕೊಂಡು, "ಎಷ್ಟು ವರ್ಷ ಒಳಗಿದ್ರಿ ತಾತ?" ಅಂದೆ. ನಿಂತರು. "ಎಂಟೂವರೆ" ಅಂದರು. ಆಮೇಲೆ ದಾರೀಲಿ ಬಿದ್ದಿದ್ದ ಆನೆ ಲದ್ದಿನ ಕೋಲಲ್ಲಿ ತಿವಿದು, "ಇದು ಇವತ್ತು ಬೆಳಿಗ್ಗೇದು ಸಾರ್, ಒಳಗೆ ಒದ್ದೆ ಅದೆ ನೋಡಿ" ಅಂದರು. ವಾಪಸ್ ಬರೋವರೆಗೂ ಆನೆ ಬಿಟ್ಟು ಬೇರೆ ಮಾತೇ ಇಲ್ಲ.

ಇಂಥ ಬದುಕು ಬದುಕಿದವರ ಜತೆ ಕೂತು ಮಾತಾಡಿದವರು ಇಲ್ಲಿ ಯಾರಾದ್ರೂ ಇದ್ದೀರಾ? ಹೇಗೆ ಕೇಳ್ತೀರಿ? ಕೇಳಲೇಬಾರದಾ?

ಅರ್ಧಕಪ್

ಕೇಳಿದ್ದರಲ್ಲಿ ತಪ್ಪೇನಿಲ್ಲ. ತಪ್ಪಿರೋದು ಇಂಥವರನ್ನ "ಅಯ್ಯೋ ಪಾಪ" ಅನ್ನೋ ಹೊಸ ಫ್ಯಾಷನ್‌ನಲ್ಲಿ. ಕಾಡುಗಳ್ಳನಿಗೆ ಅಕ್ಕಿ ಹೊತ್ತವರ ಕತೆಗೆ ಚಪ್ಪಾಳೆ. ಅದೇ ಊರಲ್ಲಿ ಪಿ. ಶ್ರೀನಿವಾಸ್ ಅನ್ನೋ ಡಿಸಿಎಫ್, ಅರಣ್ಯ ಇಲಾಖೆ ಅಧಿಕಾರಿ, ಜನರಿಗೆ ಮನೆ ಕಟ್ಟಿಸಿಕೊಟ್ಟು, ಔಷಧಿ ಹಂಚಿ, ಮಾರಿಯಮ್ಮನ ಗುಡಿ ಕಟ್ಟಿಸಿದ್ರು. ವೀರಪ್ಪನ್ ಕಡೆಯವರು ಶರಣಾಗ್ತೀವಿ ಅಂತ ಅವರನ್ನ ಕರೆಸಿಕೊಂಡು 1991ರ ನವೆಂಬರ್ 10ರಂದು ತಲೆ ಕಡಿದ್ರು. ಅವರ ಬಗ್ಗೆ ಎಷ್ಟು ಜನ ಟೂರಿಸ್ಟ್ ಕೇಳಿದ್ರು ಹೇಳಿ?

ಸೆಕೆಂಡ್‌ಗೇರ್

ನಾವು ಕೇಳಲಿಲ್ಲ, ನಿಜ. ಆದ್ರೆ ತಾತ ತಾವಾಗೇ ಆ ಗುಡಿ ತೋರಿಸಿದ್ರು. ಚಪ್ಪಲಿ ಇಲ್ಲದ ಕಾಲಲ್ಲೇ ಇದ್ದರೂ ಬಾಗಿಲಲ್ಲಿ ಕಾಲು ಒರೆಸಿಕೊಂಡು ಒಳಗೆ ಹೋಗಿ ಕೈ ಮುಗಿದು ಬಂದ್ರು. "ಶ್ರೀನಿವಾಸ್ ಸಾರ್ ಕಟ್ಟಿದ್ದು" ಅಂದಿದ್ದಷ್ಟೇ.

ಹಳೇಟೇಪು

ನಾನು ಮೂವತ್ತು ವರ್ಷ ವರದಿಗಾರನಾಗಿದ್ದವನು, ಈಗ ನಿವೃತ್ತ. ಮೈಸೂರಿನ ಟಾಡಾ ಕೋರ್ಟಿಗೆ ಎಷ್ಟು ಸಲ ಅಲೆದಿದ್ದೇನೋ ಲೆಕ್ಕವಿಲ್ಲ. ಇಲ್ಲಿರುವ ಚಿಕ್ಕವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ, ತಾತನ "ಎಂಟೂವರೆ" ಎಲ್ಲಿಂದ ಬಂತು ಅನ್ನುವುದು ಗೊತ್ತಾಗಲಿ.

1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬ್ ಸಿಡಿದು 22 ಜನ ಸತ್ತರು. ಪೊಲೀಸರು, ಅರಣ್ಯ ವಾಚರುಗಳು, ಮಾಹಿತಿದಾರರು. ಅದಾದ ಮೇಲೆ ಬೆಟ್ಟದ ಸುತ್ತಲಿನ ಹಳ್ಳಿಗಳಿಂದ ಗಂಡಸರು, ಹೆಂಗಸರು ಅಂತ ನೋಡದೆ ಎತ್ತಿಕೊಂಡು ಹೋಗಿ ಟಾಡಾ ಹಾಕಿದರು. ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಬೆಲೆ ಇಲ್ಲ. ಟಾಡಾದಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡರೆ ಅದೇ ಸಾಕ್ಷ್ಯ. ಜಾಮೀನು ಎಂಬುದು ಹೆಸರಿಗೆ ಮಾತ್ರ. ಆ ಕಾಯ್ದೆ 1995ರಲ್ಲೇ ಸತ್ತುಹೋಯಿತು, ಆದರೆ ಅದರಡಿ ಹಾಕಿದ್ದ ಕೇಸುಗಳು ಸಾಯಲಿಲ್ಲ. 2001ರಲ್ಲಿ ತೀರ್ಪು ಬಂದಾಗ ಬಹುಪಾಲು ಜನ ಖುಲಾಸೆಯಾದರು. ಅಷ್ಟು ವರ್ಷ ಒಳಗೆ ಕಳೆದು ನಿರಪರಾಧಿ ಅನ್ನಿಸಿಕೊಂಡು ಹೊರಗೆ ಬಂದವರಿಗೆ ಕೋರ್ಟಿನ ಮೆಟ್ಟಿಲ ಹತ್ತಿರ ನಾನು ಕೇಳಿದ ಪ್ರಶ್ನೆ, "ಹೇಗನಿಸುತ್ತಿದೆ?" ಇವತ್ತಿಗೂ ನೆನೆದರೆ ನಾಚಿಕೆ. ಒಬ್ಬಾಕೆ ನನ್ನ ಮುಖ ನೋಡಿ, "ಕೊಳ್ಳೇಗಾಲದ ಬಸ್ ಎಷ್ಟೊತ್ತಿಗೆ ಸಾಮಿ?" ಅಂದಳು.

ಆ ಮೇಲೆ ನಾನು ಕಲಿತದ್ದು ಇಷ್ಟು: ದೊಡ್ಡ ಪ್ರಶ್ನೆ ಕೇಳಬೇಡಿ. ಜೈಲಲ್ಲಿ ಮುದ್ದೆ ಕೊಡ್ತಿದ್ರಾ, ಅನ್ನವಾ? ಮನೆಯಿಂದ ನೋಡಲು ಬರೋಕೆ ಬಸ್ ಚಾರ್ಜಿಗೆ ಏನು ಮಾರಿದ್ರು? ಮೇಕೆ ಯಾರು ನೋಡ್ಕೊಂಡ್ರು? ಇದಕ್ಕೆಲ್ಲ ರೆಡಿಮೇಡ್ ಉತ್ತರ ಇರುವುದಿಲ್ಲ, ಯಾಕೆಂದರೆ ಯಾರೂ ಕೇಳಿರುವುದಿಲ್ಲ. ಯೋಚಿಸಿ ಹೇಳಬೇಕು. ಯೋಚಿಸುವಾಗ ಮನುಷ್ಯ ನಿಮ್ಮ ಎದುರಿಗೆ ಇರುತ್ತಾನೆ.

ಖಾಕಿಮನೆ

ನಮ್ಮಪ್ಪ ಎಸ್‌ಟಿಎಫ್‌ನಲ್ಲಿ, ಅಂದ್ರೆ ವೀರಪ್ಪನ್ ಹಿಡಿಯೋಕೆ ಮಾಡಿದ್ದ ವಿಶೇಷ ಪೊಲೀಸ್ ಪಡೇಲಿ, ಮೂರು ವರ್ಷ ಇದ್ದರು, ಕಾನ್‌ಸ್ಟೇಬಲ್. ಈ ಚರ್ಚೆ ಓದ್ತಾ ಒಂದು ವಿಷಯ ಹೊಳೀತು. ಅಪ್ಪನಿಗೂ ಮದುವೆ ಮನೆ, ಗೃಹಪ್ರವೇಶ ಎಲ್ಲಿ ಹೋದರೂ ಇದೇ ಪ್ರಶ್ನೆ: "ವೀರಪ್ಪನ್ ನೋಡಿದ್ರಾ?" ಅಪ್ಪನ ಹತ್ತಿರವೂ ಒಂದು ಕ್ಯಾಸೆಟ್ ಇದೆ. ಶೂ ಒಳಗೆ ಹಾವು ಸೇರ್ಕೊಂಡಿದ್ದ ಕತೆ. ಎಲ್ಲರೂ ನಗ್ತಾರೆ, ಹೋಳಿಗೆ ಬಡಿಸ್ತಾರೆ, ಮುಗೀತು.

ಆದ್ರೆ ಅಪ್ಪ ಇವತ್ತಿಗೂ ದಿಬ್ಬಣದಲ್ಲಿ ಮೊದಲ ಗಾಡಿ ಹತ್ತಲ್ಲ. ನನ್ನ ಮದುವೆಗೂ ಹತ್ತಲಿಲ್ಲ. ಹೆಣ್ಣಿನ ಅಪ್ಪ ಹಿಂದಿನ ಟೆಂಪೋದಲ್ಲಿ ಅಡುಗೆಯವರ ಜತೆ ಬಂದ ಅಂತ ಬೀಗರ ಕಡೆ ಎಷ್ಟು ಮಾತಾಯ್ತೋ! ನಾನೂ ಸಿಟ್ಟಾಗಿದ್ದೆ. ಅಮ್ಮ ಆಮೇಲೆ ಹೇಳಿದ್ದು, "ಪಾಲಾರ್ ಆದಾಗಿಂದ ಹಂಗೇ ಕಣೇ. ಕೇಳ್ಬೇಡ."

ಅರ್ಧಕಪ್ ಅವರಿಗೆ ಒಂದು ಮಾತು. ನೀವು ನಮ್ಮ ಪರವಾಗಿ ಮಾತಾಡ್ತಿದ್ದೀರಿ, ಥ್ಯಾಂಕ್ಸ್. ಆದ್ರೆ ನೀವೂ ಅಪ್ಪನ್ನ ಭೇಟಿಯಾದ್ರೆ ಮೊದಲು ಕೇಳೋದು ಅದೇ ಪ್ರಶ್ನೆ ಅಲ್ವಾ?

ಅರ್ಧಕಪ್

ಬಹುಶಃ ಅದೇ ಕೇಳ್ತಿದ್ದೆ. ಒಪ್ಪಿಕೊಂಡೆ.

ಹನೂರ್‌ಹೈದ

ನಾನು ಹನೂರ್ ಕಡೆಯೋನು. ಸುತ್ತಿಬಳಸಿ ಯಾಕೆ, ನೇರ ಯೋಳ್ತೀನಿ ಕೇಳಿ. ಆ ಪ್ರಶ್ನೆ ನಮ್ಮ ಕಡೆ ಹಿರೀಕರಿಗೆ ಹೊಸದಲ್ಲ ಕನ. ಎಸ್‌ಟಿಎಫ್‌ನೋರು ಊರಿಗೆ ಬಂದ್ರೆ ಮೊದಲ ಮಾತು ಅದೇಯ: "ವೀರಪ್ಪನ್ ನೋಡಿದ್ಯಾ?" ನೋಡಿದ್ದೆ ಅಂದ್ರೆ ಯಾಕೆ ಬಂದು ಹೇಳ್ಲಿಲ್ಲ ಅಂತ ಏಟು. ನೋಡಿಲ್ಲ ಅಂದ್ರೆ ಸುಳ್ಳು ಹೇಳ್ತೀಯ ಅಂತ ಏಟು. ರಾತ್ರಿ ಆ ಕಡೆಯೋರು ಬಂದ್ರೆ ಪ್ರಶ್ನೆ ತಿರುವುಮುರುವು: "ಪೊಲೀಸ್ನೋರು ಬಂದಿದ್ರಾ? ಏನ್ ಹೇಳ್ದೆ?" ಅವ್ರಿಗೆ ಅನುಮಾನ ಬಂದ್ರೆ ಏಟಲ್ಲ, ಹೆಣ. ಅಂಗಡೀಲಿ ಮಾಮೂಲಿಗಿಂತ ಐದ್ ಕೆಜಿ ಅಕ್ಕಿ ಜಾಸ್ತಿ ತಗೊಂಡ್ರೆ ಯಾರಿಗೆ ಅಂತ ಕೇಳೋರು. ಟಾರ್ಚ್ ಸೆಲ್ಲು ಕೊಂಡ್ರೂ ಲೆಕ್ಕ ಕೊಡ್ಬೇಕಿತ್ತು. ನಮ್ಮ ಸೋದರಮಾವ ಮಗಳ ನಿಶ್ಚಿತಾರ್ಥಕ್ಕೆ ಅಂತ ಒಂದ್ ಮೂಟೆ ಅಕ್ಕಿ ತಂದು ಎರಡು ದಿನ ಕ್ಯಾಂಪಲ್ಲಿ ಕುಕ್ಕರುಗಾಲಲ್ಲಿ ಕುಂತಿದ್ದ.

ಈಗ ಬೆಂಗಳೂರಿಂದ ಬಂದೋರು ಟೀ ಕುಡೀತಾ ಅದೇ ಪ್ರಶ್ನೆ ಕೇಳ್ತಾರೆ. ನಿಮ್ಗದು ಕತೆ. ಅವ್ರಿಗೆ ಅದು ಕ್ಯಾಂಪಲ್ಲಿ ಕೇಳಿಸ್ಕೊಂಡ ವಾಕ್ಯ. ಏಟು ಬೀಳದಂಗೆ ಉತ್ತರ ಕೊಡೋದು ಹೆಂಗೆ ಅಂತ ಕಲ್ತವ್ರೆ, ಅದನ್ನೇ ನಿಮ್ಗೂ ಕೊಡ್ತಾರೆ. ಮೀಸೆ, ಗುರಿ, ಹಕ್ಕಿ ಕೂಗು. ಅದ್ರಲ್ಲಿ ಯಾರ ಹೆಸರೂ ಇರಲ್ಲ ನೋಡಿ. ಯಾವ ದಾರಿ, ಯಾವ ದೊಡ್ಡಿ, ಯಾರ ಮನೆ ಊಟ, ಒಂದೂ ಇರಲ್ಲ.

ಸೆಕೆಂಡ್‌ಗೇರ್

ನಿಮ್ಮ ಬರಹ ಓದಿ ಮೊಬೈಲ್ ಕೆಳಗಿಟ್ಟೆ. ನಿಜ. ಇಪ್ಪತ್ತು ನಿಮಿಷದ ಆ ಕತೆಯಲ್ಲಿ ಒಂದೇ ಒಂದು ಹೆಸರು ಇರಲಿಲ್ಲ.

ಹಳೇಟೇಪು

ಹನೂರ್‌ಹೈದ ಹೇಳಿದ್ದು ಕಟುವಾದ ಮಾತು, ಆದರೆ ದಾಖಲೆಯಲ್ಲೂ ಇರುವಂಥದ್ದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ಕಳಿಸಿತ್ತು. ಬೆಟ್ಟದ ಮೇಲಿನ ಕ್ಯಾಂಪಿನಲ್ಲಿ "ವರ್ಕ್‌ಶಾಪ್" ಎಂದು ಕರೆಯುತ್ತಿದ್ದ ಜಾಗದಲ್ಲಿ ಏನಾಯಿತು ಅಂತ ಜನ ಆ ಸಮಿತಿಯ ಮುಂದೆ ಹೇಳಿಕೊಂಡರು. ಗಂಡಸರಿಗಿಂತ ಹೆಂಗಸರು ಹೆಚ್ಚು ಧೈರ್ಯವಾಗಿ ಹೇಳಿದರು ಅನ್ನುವುದು ನನ್ನ ನೆನಪು. 2007ರಲ್ಲಿ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಹೇಳಿಕೊಂಡವರೆಲ್ಲರಿಗೂ ಸಿಗಲಿಲ್ಲ.

ಬಳ್ಳಾರಿಬಿಸಿಲು

ವಿಷಯ ಬ್ಯಾರೆ, ಆದ್ರ ಪ್ರಶ್ನೆ ಒಂದೇ ಅನಿಸ್ತು, ಅದಕ್ಕ ಬರೀತೀನಿ. ಮಂಜಮ್ಮ ಜೋಗತಿ ನಮ್ಮ ಕಡೆಯವರು, ಯಲ್ಲಮ್ಮನ ಸೇವೆಗೆ ನಿಂತ ಟ್ರಾನ್ಸ್‌ಜೆಂಡರ್ ಕಲಾವಿದೆ. ಜೋಗತಿ ನೃತ್ಯ, ಯಲ್ಲಮ್ಮನ ಆಟ ಅಂದ್ರ ಅವರ ಹೆಸರೇ ಮೊದಲು ಬರ್ತದ. 2019ರಾಗ ಜಾನಪದ ಅಕಾಡೆಮಿ ಅಧ್ಯಕ್ಷರಾದ್ರು, 2021ರಾಗ ಪದ್ಮಶ್ರೀ ಬಂತು. ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದಿದ್ದು ಎಲ್ಲಾರೂ ನೋಡ್ಯಾರ. ಆದ್ರ ಯಾವ ಜೋಗತಿ ಮುಂದ ಮೈಕ್ ಹಿಡದ್ರೂ ಮೊದಲ ಪ್ರಶ್ನೆ ಮೈಯ ಬಗ್ಗೆನ. ಯಾವಾಗ ಗೊತ್ತಾತು, ಮನ್ಯಾಗ ಏನಂದ್ರು, ಆಪರೇಷನ್ ಆಗೇದೇನು. ಹಾಡು ಎಲ್ಲಿ ಕಲ್ತ್ರಿ, ಚೌಡಿಕೆ ತಂತಿ ಎಲ್ಲಿ ಸಿಗ್ತದ, ತಲಿ ಮ್ಯಾಲ ಕೊಡ ಹೊತ್ತು ಕುಣಿಯೋಕ ಎಷ್ಟು ವರ್ಷ ಹಿಡೀತು, ಇದನ್ನ ಯಾರೂ ಕೇಳಂಗಿಲ್ಲ. ನಮ್ಮೂರ ಜಾತ್ರ್ಯಾಗ ಒಬ್ಬ ಜೋಗತಿಗೆ ನಮ್ಮವ್ವ "ಆ ಕೊಡ ಎಷ್ಟು ತೂಕ ಐತಿ?" ಅಂತ ಕೇಳಿದ್ಲು. ಅಕಿ ಕೊಡ ಇಳಿಸಿ ಅವ್ವನ ತಲಿ ಮ್ಯಾಲ ಇಟ್ಟೇಬಿಟ್ಲು! ಇಬ್ರೂ ಅರ್ಧ ತಾಸು ನಕ್ಕಾರ.

ಡಬ್ಲಿನ್‌ದೋಸೆ

ಇದೆಲ್ಲ ಸರಿ, ಆದ್ರೆ ವೀರಪ್ಪನ್ ಜತೆಗೇ ಮಾತಾಡಿದವರು ಇದ್ದಾರಲ್ಲ. ವನ್ಯಜೀವಿ ಫೋಟೋಗ್ರಾಫರ್‌ಗಳಾದ ಕೃಪಾಕರ, ಸೇನಾನಿ ಅವರನ್ನ 1997ರಲ್ಲಿ ಹೊತ್ಕೊಂಡು ಹೋಗಿ ಎರಡು ವಾರ ಇಟ್ಕೊಂಡಿದ್ದ. ಆ ಅನುಭವವನ್ನ ಅವರು ಬರೆದಿದ್ದಾರೆ, ಚಿಕ್ಕವನಿದ್ದಾಗ ಓದಿದ್ದೆ. ರಾಜ್‌ಕುಮಾರ್ ಅವರಂತೂ ನೂರು ದಿನ ಅವನ ಜತೆ ಇದ್ರು. ಇಷ್ಟು ದಿನ ಜತೆಗಿದ್ದವರ ಮಾತು ಕ್ಯಾಸೆಟ್ ಆಗಲ್ಲ ಅಲ್ವಾ?

ಖಾಕಿಮನೆ

108 ದಿನ. 2000ದ ಜುಲೈ 30ರಿಂದ ನವೆಂಬರ್ 15. ನಮ್ಮನೇಲಿ ಈ ಲೆಕ್ಕ ಯಾರೂ ತಪ್ಪಲ್ಲ.

ಆ 108 ದಿನದ ಬಗ್ಗೆ ಒಂದು ವಿಷಯ ಹೇಳಲೇಬೇಕು. ಟಾಡಾದಲ್ಲಿ ಒಳಗಿದ್ದವರನ್ನ ಬಿಡಿ ಅನ್ನೋದು ವೀರಪ್ಪನ್ ಬೇಡಿಕೆಗಳಲ್ಲಿ ಒಂದಾಗಿತ್ತು. ಸರ್ಕಾರ ಕೇಸು ವಾಪಸ್ ತಗೊಳ್ಳೋಕೆ ಹೊರಟಿತ್ತು. ಬೆಂಗಳೂರು ಹೊತ್ತಿ ಉರಿಯೋ ಹಾಗಿತ್ತು, ಅಣ್ಣಾವ್ರು ಬಂದರೆ ಸಾಕು ಅಂತ ಊರೂರಲ್ಲಿ ಉರುಳುಸೇವೆ. ಆಗ ಒಬ್ಬ ಅಪ್ಪ ಸುಪ್ರೀಂ ಕೋರ್ಟಿಗೆ ಹೋಗಿ ಬಿಡಬೇಡಿ ಅಂದರು. ಅಬ್ದುಲ್ ಕರೀಂ. 1992ರ ಆಗಸ್ಟ್ 14ರಂದು ಮೀಣ್ಯಂ ಹತ್ತಿರ ಎಸ್‌ಪಿ ಹರಿಕೃಷ್ಣ ಅವರ ಜತೆ ಸತ್ತ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ. ಕೋರ್ಟ್ ಅವರ ಮಾತು ಕೇಳಿತು, ಕೇಸು ವಾಪಸ್ ತಗೊಳ್ಳೋದಕ್ಕೆ ತಡೆ ಬಿತ್ತು. ಇಡೀ ನಾಡು ಒಂದು ಕಡೆ, ಅವರೊಬ್ಬರು ಒಂದು ಕಡೆ. ಅಪ್ಪ ಆ ದಿನ ಪೇಪರ್ ಮಡಚಿ ಇಟ್ಟಿದ್ದು ಇನ್ನೂ ಟ್ರಂಕಿನಲ್ಲಿದೆ.

ವಿವಾದದ ಬದುಕು ಅಂದ್ರೆ ಬಂದೂಕು ಹಿಡಿದವರದ್ದೇ ಅಂತ ಯಾಕೆ ಅಂದ್ಕೋತೀವಿ? ಅಂಥ ಅಪ್ಪನ ಜತೆ ಒಂದು ಸಂಜೆ ಕೂತು ಮಾತಾಡಿದ್ದಿದ್ರೆ ಅಂತ ನನಗೆ ಆಸೆ.

ಹಳೇಟೇಪು

ಖಾಕಿಮನೆಯಮ್ಮ ಹೇಳಿದ ತಡೆಯ ಇನ್ನೊಂದು ಮಗ್ಗುಲು: ಆ ಜೈಲಿನಲ್ಲಿ ಆಮೇಲೆ ನಿರಪರಾಧಿಗಳು ಅಂತ ಸಾಬೀತಾದವರೂ ಇದ್ದರು, ಅವರೂ ಇನ್ನಷ್ಟು ತಿಂಗಳು ಒಳಗೇ ಉಳಿದರು. ಎರಡೂ ಸತ್ಯ. ನಾನು ಎರಡೂ ಕಡೆಯ ಮನೆಗಳಿಗೆ ಹೋಗಿದ್ದೇನೆ. ಎರಡೂ ಕಡೆ ಗೋಡೆ ಮೇಲೆ ಹಾರ ಹಾಕಿದ ಫೋಟೋ.

ಶಿಕ್ಷೆಯಾದವರ ಕತೆ ಬೇರೆಯೇ. ಜೀವಾವಧಿ ಕಡಿಮೆ ಮಾಡಿ ಅಂತ ನಾಲ್ವರು ಸುಪ್ರೀಂ ಕೋರ್ಟಿಗೆ ಹೋದರೆ 2004ರಲ್ಲಿ ಅದು ಗಲ್ಲು ಆಗಿ ಹಿಂದೆ ಬಂತು. ಕ್ಷಮಾದಾನದ ಅರ್ಜಿ ರಾಷ್ಟ್ರಪತಿಗಳ ಮುಂದೆ ಒಂಬತ್ತು ವರ್ಷ ಕೂತಿತು, 2013ರಲ್ಲಿ ತಿರಸ್ಕಾರ. ಕೊಳ್ಳೇಗಾಲದ ಸೀಮೆಯವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ಮುಖ ನೋಡಬೇಕೆಂದರೆ ಮನೆಯವರು ಇಡೀ ರಾಜ್ಯ ದಾಟಬೇಕು. 2014ರ ಜನವರಿ 21ರಂದು, ತೀರ್ಮಾನ ಇಷ್ಟು ತಡವಾದದ್ದೇ ಕಾರಣವಾಗಿ ಅದು ಮತ್ತೆ ಜೀವಾವಧಿಗೆ ಇಳಿಯಿತು.

ಡಬ್ಲಿನ್‌ದೋಸೆ ಕೇಳಿದ್ದಕ್ಕೆ: ಕೃಪಾಕರ, ಸೇನಾನಿಯವರಿಗೆ ಎದ್ದು ಹೋಗುವ ಅವಕಾಶ ಇರಲಿಲ್ಲ. ನಾವು ಅರ್ಧ ಗಂಟೆಗೆ ಎದ್ದು ಹೋಗುತ್ತೇವೆ. ಅದೇ ವ್ಯತ್ಯಾಸ ಇರಬೇಕು.

ಅರ್ಧಕಪ್

ಸರಿ ಹಳೇಟೇಪು ಸಾರ್, ಒಂದು ನೇರ ಪ್ರಶ್ನೆ. ಇವರು ಹೇಳೋದನ್ನ ನೀವು ನಂಬ್ತೀರಾ? ಟಾಡಾದಲ್ಲಿದ್ದ ಪ್ರತಿಯೊಬ್ಬನೂ ಅಮಾಯಕ ಅಂದ್ರೆ ಆ ಬಾಂಬ್ ಹೂತವರು ಯಾರು?

ಹಳೇಟೇಪು

ನ್ಯಾಯವಾದ ಪ್ರಶ್ನೆ. ಒಬ್ಬ ಹಿರಿಯರನ್ನು ನಾನು ಹತ್ತು ವರ್ಷದಲ್ಲಿ ಮೂರು ಸಲ ಕಂಡೆ. ಒಂದೇ ರಾತ್ರಿಯ ಕತೆ ಮೂರು ಸಲ ಹೇಳಿದರು. ಮೊದಲ ಸಲ, "ನಾನು ಆವತ್ತು ಊರಲ್ಲೇ ಇರಲಿಲ್ಲ." ಎರಡನೇ ಸಲ, "ಅಕ್ಕಿ ಹೊತ್ತುಕೊಂಡು ಹೋಗು ಅಂದ್ರು, ಹೋದೆ." ಮೂರನೇ ಸಲ ಅವರ ಹೆಂಡತಿ ತೀರಿಕೊಂಡಿದ್ದರು. ಜಗಲಿ ಮೇಲೆ ಕೂತು ಹೇಳಿದರು. ಅದನ್ನು ನಾನು ಬರೆಯಲಿಲ್ಲ, ಇಲ್ಲೂ ಬರೆಯುವುದಿಲ್ಲ. ಸಂಪಾದಕರಿಗೆ ಗೊತ್ತಾಗಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಕತೆಯಲ್ಲಿ ಊರು, ಕಾಡು, ಮಳೆ ಏನೂ ಬದಲಾಗಲಿಲ್ಲ. ಬದಲಾದದ್ದು ಅವರು ಎಲ್ಲಿ ನಿಂತಿದ್ದರು ಅನ್ನುವುದು ಮಾತ್ರ. ಪ್ರತಿ ಸಲ ಒಂದು ಹೆಜ್ಜೆ ಹತ್ತಿರ.

ಹಾಗಾಗಿ ಮೊದಲ ಸಲ ಕೇಳಿದ್ದನ್ನು ನಂಬುವುದೂ ಇಲ್ಲ, ಸುಳ್ಳು ಅನ್ನುವುದೂ ಇಲ್ಲ. ಅಷ್ಟು ದೂರ ನಿಂತು ಹೇಳುತ್ತಿದ್ದಾರೆ ಅಂದುಕೊಳ್ಳುತ್ತೇನೆ.

ಪೋಡಿನಹುಡುಗಿ

ನಾನು ಸೋಲಿಗರವಳು, ಈ ಕಾಡಿನ ಬುಡಕಟ್ಟಿನವಳು, ಟೀಚರ್. ಇಷ್ಟುದ್ದ ಚರ್ಚೆಯಲ್ಲಿ ನಮ್ಮ ಹೆಸರೇ ಬರಲಿಲ್ಲ ನೋಡಿ. ದಾರಿ ತೋರಿಸು ಅಂತ ಇಬ್ಬರೂ ಎಳೆದುಕೊಂಡು ಹೋಗಿದ್ದು ನಮ್ಮವರನ್ನೇ. ಜೇನು, ನೆಲ್ಲಿಕಾಯಿಗೆ ಕಾಡಿಗೆ ಹೋಗೋದು ನಿಂತೇಹೋಗಿತ್ತಂತೆ, ಬೆಂಕಿ ಹೊಗೆ ಕಂಡರೂ ಕಷ್ಟ. ನಮ್ಮಜ್ಜಿಗೆ ಅದು ವೀರಪ್ಪನ್ ಕಾಲ ಅಲ್ಲ, "ಗೆಣಸು ತಿಂದ ಕಾಲ." ನಮ್ಮಜ್ಜಿಯನ್ನ ಯಾರೂ ಏನೂ ಕೇಳಿಲ್ಲ, ಆದ್ದರಿಂದ ಅವಳ ಹತ್ತಿರ ಕ್ಯಾಸೆಟ್ಟೂ ಇಲ್ಲ.

ಹನೂರ್‌ಹೈದ

ಅಕ್ಕ, ನೀವು ಕೇಳಿ ಬರ್ಕೊಳಿ. ಬೇಗ.

ಪೋಡಿನಹುಡುಗಿ

ಬರ್ಕೋತಾ ಇದ್ದೀನಿ ಅಣ್ಣ. ಎರಡು ನೋಟ್‌ಬುಕ್ ಆಗಿದೆ. ಅದರಲ್ಲಿ ಮುಕ್ಕಾಲು ಭಾಗ ಗೆಣಸಿನ ಜಾತಿಗಳದ್ದೇ.

ನಿರ್ವಾಹಕರು

ತಮಿಳರು, ಕನ್ನಡಿಗರು ಅಂತ ಜಗಳ ತೆಗೆದ ನಾಲ್ಕು ಪ್ರತಿಕ್ರಿಯೆ ಅಳಿಸಲಾಗಿದೆ. ಹಾಗೇ, ಆ ತಾತ ಯಾರು, ಫೋನ್ ನಂಬರ್ ಕೊಡಿ ಅಂತ ಕೇಳಿದ ಯೂಟ್ಯೂಬ್ ಚಾನೆಲ್‌ನವರೇ, ಬೇಡ.

ಸೆಕೆಂಡ್‌ಗೇರ್

ಎರಡು ತಿಂಗಳಾದ ಮೇಲೆ ಬರೀತಿದ್ದೀನಿ. ಮತ್ತೆ ಹೋಗಿದ್ದೆ, ಈ ಸಲ ಒಬ್ಬನೇ. ಏನೂ ಕೇಳಬಾರದು ಅಂತ ತೀರ್ಮಾನ ಮಾಡ್ಕೊಂಡೇ ಹೋಗಿದ್ದು. ತಾತನಿಗೆ ಗುರುತು ಸಿಕ್ತು. "ಆ ಚಪ್ಪಾಳೆ ಹುಡುಗ್ರು ಬರ್ಲಿಲ್ವಾ?" ಅಂದ್ರು. ಹಳೇಟೇಪು ಸಾರ್ ಹೇಳಿಕೊಟ್ಟಿದ್ದು ನಾಲಿಗೆ ತುದಿಯಲ್ಲೇ ಇತ್ತು: ಮೇಕೆ ಯಾರು ನೋಡ್ಕೊಂಡ್ರು ಅಂತ. ಕೇಳಲಿಲ್ಲ. ಕಾಲು ಗಂಟೆ ಸುಮ್ಮನೆ ನಡೆದ್ವಿ.

ಆಮೇಲೆ ಅವರೇ ಶುರು ಮಾಡಿದ್ರು. ಕೇಳೋಕೆ! ಸಂಬಳ ಎಷ್ಟು, ಬಾಡಿಗೆ ಎಷ್ಟು, ಕಂಪ್ಯೂಟರ್ ಮುಂದೆ ಎಷ್ಟೊತ್ತು ಕೂರ್ತೀರಾ, ಬೆನ್ನು ನೋಯಲ್ವಾ. ಎಲ್ಲದಕ್ಕೂ ಹೇಳಿದೆ. ಬಾಡಿಗೆ ಕೇಳಿ "ಅಡಡಾ" ಅಂದ್ರು. ಕಡೆಗೆ, "ಅಪ್ಪ ಏನ್ ಕೆಲ್ಸ ಮಾಡ್ತಿದ್ರು ಸಾರ್?"

ನಮ್ಮಪ್ಪ ಸರ್ಕಾರಿ ಕಚೇರಿಯಲ್ಲಿದ್ದರು. ನಾನು ಏಳನೇ ಕ್ಲಾಸಲ್ಲಿದ್ದಾಗ ಲಂಚದ ಕೇಸಲ್ಲಿ ಸಿಕ್ಕಿಬಿದ್ದು ಸಸ್ಪೆಂಡ್ ಆದರು. ಪೇಪರಲ್ಲಿ ಹೆಸರು ಬಂದಿತ್ತು. ಆರು ವರ್ಷ ಕೇಸು ನಡೀತು. ಅಪ್ಪ ತಗೊಂಡಿದ್ರಾ ಇಲ್ವಾ ಅಂತ ನಾನು ಇವತ್ತಿನವರೆಗೂ ಅವರನ್ನ ಕೇಳಿಲ್ಲ. ಹೆಂಡತಿಗೂ ಮದುವೆಯಾಗಿ ಎರಡು ವರ್ಷದ ಮೇಲೆ ಹೇಳಿದ್ದು. ಇಲ್ಲಿ ನಿಜವಾದ ಹೆಸರಿಲ್ಲ ಅಂತ ಬರೀತಿದ್ದೀನಿ.

"ಗೌರ್ಮೆಂಟ್ ಕೆಲ್ಸ ತಾತ" ಅಂದೆ. ಅವರು ಇನ್ನೇನೋ ಕೇಳೋಕೆ ನನ್ನ ಕಡೆ ತಿರುಗಿದ್ರು. ದಾರಿ ಪಕ್ಕ ಲದ್ದಿ ಬಿದ್ದಿತ್ತು.

"ಇದು ಇವತ್ತಿಂದಾ, ನಿನ್ನೇದಾ ತಾತ?" ಅಂದೆ.

ತಾತ ನನ್ನ ಮುಖಾನೇ ಒಂದು ಗಳಿಗೆ ನೋಡಿದ್ರು. ಆಮೇಲೆ ಕೋಲು ಊರಿ ಕೂತು, ನಿಧಾನವಾಗಿ ಬಿಡಿಸಿ ನೋಡಿ, "ಮೂರು ದಿನ ಆಗದೆ ಸಾರ್" ಅಂದ್ರು. "ಒಣಗೋಗದೆ. ಬನ್ನಿ."